ನೆರೆಮನೆಯ ಸಾಕ್ಷಿ

ಸಂಬಂಧದ ವಿಚಾರಣೆಗೆ ಬರುವವರು ಯಾರೂ ಅದಕ್ಕೇ ಬಂದೆವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬ ಜಾಗ ನೋಡಲು ಬಂದೆ ಎನ್ನುತ್ತಾನೆ, ಇನ್ನೊಬ್ಬ ಹಂದಿಮರಿ ಉಂಟಾ ಎನ್ನುತ್ತಾನೆ, ಮತ್ತೊಬ್ಬನಿಗೆ ಬಿಸಿಲಿಗೆ ತಲೆ ತಿರುಗಿ ಒಂದು ಲೋಟ ನೀರು ಬೇಕಾಗಿರುತ್ತದೆ. ನೀರು ಕುಡಿದಾದ ಮೇಲೆ ಲೋಟವನ್ನು ಕೆಳಗಿಡದೆ, ಆಚೆಮನೆಯವರು ಹೇಗೆ, ಒಳ್ಳೆ ಜನವಾ ಎಂದು ಗಾಳಿಯನ್ನು ಕೇಳಿದಂತೆ ಕೇಳುತ್ತಾನೆ. ಇಮೆಲ್ಡಾಬಾಯಿ ಮದುವೆಯಾಗಿ ಶಂಕರಪುರಕ್ಕೆ ಬಂದ ಹೊಸತರಲ್ಲಿ ಇಂಥವರನ್ನೆಲ್ಲ ನಂಬಿ, ಒಬ್ಬನಿಗೆ ನಿಜಕ್ಕೂ ಹಂದಿಮರಿ ಹಿಡಿದು ಕೊಟ್ಟುಬಿಟ್ಟಿದ್ದರು. ಬೇಡವೆನ್ನಲು ಬಾಯಿ ಬಾರದೆ ಆ ಮನುಷ್ಯ ಅದನ್ನು ಗೋಣಿಯಲ್ಲಿ ಕಟ್ಟಿ ಬಸ್ಸು ಹತ್ತಿಸಿಕೊಂಡು ಕಾರ್ಕಳದವರೆಗೂ ಹೋದನಂತೆ. ಗಂಡ ಬ್ಯಾಪ್ಟಿಸ್ಟರು ಸಂಜೆ ಗದ್ದೆಯಿಂದ ಬಂದು ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಜಾಗ ನೋಡಲು ಬಂದವ ಬಾವಿಯ ವಿಷಯ ಕೇಳದಿದ್ದರೆ, ಹಂದಿಮರಿ ಕೇಳಿದವ ಅದರ ಕಾಲು ಎತ್ತಿ ನೋಡದಿದ್ದರೆ, ಅವ ಹೆಣ್ಣನ್ನೋ ಗಂಡನ್ನೋ ವಿಚಾರಿಸಲು ಬಂದವ ಮಾರಾಯ್ತಿ. ಇಷ್ಟು ತಿಳಿದುಕೊಂಡರೆ ಸಾಕು."

ಬ್ಯಾಪ್ಟಿಸ್ಟರು ಬಹಳ ಕಾಲ ಗುರ್ಕಾರರಾಗಿದ್ದವರು. ಇಗರ್ಜಿಯ ಒಂದೊಂದು ವಾಡೊಗೂ ಒಬ್ಬ ಗುರ್ಕಾರ, ಎಂದರೆ ಆ ಕೇರಿಯ ಹಿರಿಯ. ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಜಗಳ, ಯಾರ ಮಗ ಕೊಲ್ಲಿಯಿಂದ ಕಾಗದ ಬರೆಯುವುದನ್ನು ಬಿಟ್ಟ, ಎಲ್ಲವೂ ಮೊದಲು ಅವನ ಕಿವಿಗೆ. ಹಾಗಾಗಿ ಬೆಳ್ಮಣ್ಣಿನವರಿರಲಿ, ಕಾರ್ಕಳದವರಿರಲಿ, ವಿಚಾರಣೆಗೆಂದು ಬಂದವರು ಸುತ್ತಿ ಬಳಸಿ ಅವರ ಜಗಲಿಗೇ ಬಂದು ಮುಟ್ಟುತ್ತಿದ್ದರು. ಬ್ಯಾಪ್ಟಿಸ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿ, ಚಾ ಕೊಡಿಸಿ, ಅವರು ಮೆಲ್ಲಗೆ ವಿಷಯಕ್ಕೆ ಬಂದ ಕೂಡಲೇ ಅಂಗಳಕ್ಕೆ ಇಳಿದು ಸಂಬಂಧಪಟ್ಟ ಮನೆಯ ಕಡೆ ಮುಖ ಮಾಡಿ ಕೂಗುತ್ತಿದ್ದರು: "ಓ ಗ್ರೆಗರಿ, ಒಮ್ಮೆ ಬಾ. ನಿನ್ನ ಮಗಳ ವಿಷಯ ಕೇಳಲು ಜನ ಬಂದಿದ್ದಾರೆ." ಬಂದವರ ಕೈಯಲ್ಲಿದ್ದ ಚಾ ತುಳುಕುತ್ತಿತ್ತು. ಕೆಲವರು ಅರ್ಧ ಚಾ ಬಿಟ್ಟು ಎದ್ದು ಹೋದದ್ದೂ ಉಂಟು. ಉಳಿದವರಿಗೆ, ಗ್ರೆಗರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವರು ತಮಗೆ ಗೊತ್ತಿದ್ದಷ್ಟನ್ನು ಹೇಳುತ್ತಿದ್ದರು. ಹುಡುಗಿ ಕೆಲಸದಲ್ಲಿ ಚುರುಕು, ಬಾಯಿ ಸ್ವಲ್ಪ ಜೋರು, ಸಣ್ಣವಳಿದ್ದಾಗ ಕಾಮಾಲೆಯಾಗಿತ್ತು, ಈಗ ತೊಂದರೆಯಿಲ್ಲ. ಎದುರಿಗೆ ಹೇಳಲಾಗದ ಮಾತನ್ನು ಬೆನ್ನ ಹಿಂದೆ ಹೇಳುವುದಿಲ್ಲ ಎನ್ನುವುದು ಅವರ ಕ್ರಮ.

ಈ ಕ್ರಮ ಅವರಿಗೆ ಇಗರ್ಜಿಯ ಪಾದ್ರಿಯ ಬೋಧನೆಯಿಂದ ಬಂದದ್ದಲ್ಲ, ತಂಗಿ ಆನಿಯಿಂದ ಬಂದದ್ದು. ಆನಿಯನ್ನು ಕಾಪುವಿನ ಕಡೆ ಕೊಡುವಾಗ ಅಪ್ಪ ಮನೆಮನೆ ಸುತ್ತಿ ವಿಚಾರಿಸಿದ್ದರು. ಕೇಳಿದ ಮನೆಯವರೆಲ್ಲ ಹುಡುಗ ಚಿನ್ನ ಎಂದರು, ಮದುವೆಯಲ್ಲಿ ಹಂದಿಮಾಂಸದ ಜೊತೆ ಸಣ್ಣಾ ಇಡ್ಲಿ ಹೊಟ್ಟೆ ತುಂಬ ಉಂಡರು. ಆ ಚಿನ್ನ ಹಗಲಲ್ಲೇ ಸಾರಾಯಿ ಗಡಂಗಿನಲ್ಲಿ ಬಿದ್ದಿರುತ್ತದೆಂದು ಇಡೀ ಕೇರಿಗೆ ಗೊತ್ತಿತ್ತು. ಕೆಲವೇ ವರ್ಷಗಳಲ್ಲಿ ಆನಿ ಒಂದು ಟ್ರಂಕು, ಒಂದು ಕೂಸಿನೊಂದಿಗೆ ಅಣ್ಣನ ಮನೆಗೆ ವಾಪಸಾದಳು. ಸಾಯುವವರೆಗೆ ಆ ಮನೆಯ ಮೂಲೆಯಲ್ಲಿ ಹೊಲಿಗೆ ಮೆಶಿನು ತುಳಿದಳು. ಅವಳು ಯಾರನ್ನೂ ಬೈದದ್ದನ್ನು ಇಮೆಲ್ಡಾಬಾಯಿ ಕೇಳಿರಲಿಲ್ಲ. ಒಮ್ಮೆ ಮಾತ್ರ, ಕಾಜ ಹಾಕುತ್ತ, "ಒಬ್ಬರಾದರೂ ಹೇಳಬಹುದಿತ್ತಲ್ಲ ಅತ್ತಿಗೆ" ಎಂದಿದ್ದಳು.

ಬ್ಯಾಪ್ಟಿಸ್ಟರು ಚಿಕ್ಕಂದಿನಲ್ಲಿ ಎಲ್ಲರಂತೆ ದೇವರ ಹತ್ತು ಕಟ್ಟಳೆ ಬಾಯಿಪಾಠ ಮಾಡಿದವರು. ಸುಳ್ಳುಸಾಕ್ಷಿ ಹೇಳಬೇಡ ಎನ್ನುವ ಎಂಟನೆಯದು ಬಂದಾಗ ನಗುತ್ತಿದ್ದರು. "ಸುಳ್ಳುಸಾಕ್ಷಿ ಎಂದರೆ ಕೆಟ್ಟದ್ದು ಹೇಳುವುದು ಅಂತ ಜನ ತಿಳಿದಿದ್ದಾರೆ. ಸುಳ್ಳು ಸುಳ್ಳೇ ಒಳ್ಳೆಯದು ಹೇಳಿದರೆ ಅದೆಂತ, ಪ್ರಸಾದವಾ?"

ಈಗ ಅವರಿಲ್ಲ. ಗುರ್ಕಾರರು ಬದಲಾಗಿದ್ದಾರೆ, ಸಂಬಂಧಗಳು ಮೊಬೈಲಿನಲ್ಲಿ ಬರುತ್ತವೆ, ಫೋಟೊ ಕಳಿಸುತ್ತಾರೆ, ಸಂಬಳ ಕಳಿಸುತ್ತಾರೆ. ಆದರೆ ಕೊನೆಗೆ ಹುಡುಗಿಯ ಸೋದರಮಾವನೊಬ್ಬ ಬಸ್ಸು ಹತ್ತಿ ಬಂದೇ ಬರುತ್ತಾನೆ. ಮೊಬೈಲಿನಲ್ಲಿ ಬಾಯಿಯ ವಾಸನೆ ಬರುವುದಿಲ್ಲವಲ್ಲ.

ಆಚೆಮನೆಯ ಗ್ಲ್ಯಾಡಿಸ್ ಒಂದು ದಿನ ಬೆಳಿಗ್ಗೆ ಮಲ್ಲಿಗೆ ಕಟ್ಟಲು ಕುಳಿತಾಗ ಅಂಥದೇ ಒಂದು ವಿಚಾರಣೆಯ ಮಾತು ಎತ್ತಿದಳು. ಇಬ್ಬರ ಹಿತ್ತಿಲಲ್ಲೂ ಮಲ್ಲಿಗೆ ಗಿಡಗಳುಂಟು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಇಮೆಲ್ಡಾಬಾಯಿಯ ಜಗಲಿಯಲ್ಲಿ ಜೊತೆಯಾಗಿ ಕುಳಿತು ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಉಡುಪಿಗೆ ಹೋಗುವ ಹೂವಿನವನಿಗೆ ಕೊಡುವುದು ಅವರ ರೂಢಿ. ಕೈ ಕಟ್ಟುತ್ತಿದ್ದರೆ ಬಾಯಿ ಊರೆಲ್ಲ ಸುತ್ತಿ ಬರುತ್ತಿತ್ತು. ಇಬ್ಬರೂ ವಿಧವೆಯರು. ಬ್ಯಾಪ್ಟಿಸ್ಟರು ಹಾಸಿಗೆ ಹಿಡಿದಾಗ ಅವರಿಗೆ ಗಂಜಿ ಕುಡಿಸಿದವಳು ಗ್ಲ್ಯಾಡಿಸ್. ಅವಳ ಮಗ ಜೋವಿನ್ ಕುಡಿದು ಬಂದು ಮನೆಯಲ್ಲಿ ಪಾತ್ರೆ ಎಸೆಯುತ್ತಿದ್ದ ಕಾಲದಲ್ಲಿ ಅವಳು ಓಡಿ ಬಂದು ಕೂರುತ್ತಿದ್ದದ್ದು ಇಮೆಲ್ಡಾಬಾಯಿಯ ಅಡಿಗೆಮನೆಯಲ್ಲಿ.

"ಈ ಆದಿತ್ಯವಾರ ಕಾರ್ಕಳದಿಂದ ಬರುತ್ತಾರೆ ಅಂತ ಕಾಣುತ್ತದೆ," ಎಂದಳು ಗ್ಲ್ಯಾಡಿಸ್. "ಹುಡುಗಿ ಲ್ಯಾಬಿನಲ್ಲಿ ಕೆಲಸಕ್ಕಿರುವುದು. ಜೆನಿಟಾ ಅಂತ. ನಮ್ಮವನಿಗೆ ಫೋಟೊ ಹಿಡಿಸಿದೆ. ಬಂದವರು ನಿನ್ನನ್ನೂ ಕೇಳುತ್ತಾರೆ."

"ಕೇಳಲಿ."

"ಎಂತ ಹೇಳುತ್ತೀ?"

ಇಮೆಲ್ಡಾಬಾಯಿ ನಾರನ್ನು ನೀರಿಗೆ ಅದ್ದಿದರು. "ನೀನು ಹುಡುಗಿಯ ಮನೆಯವರಿಗೆ ಹೇಳಿದ್ದೀಯಾ?"

"ಮದುವೆಯಾದ ಮೇಲೆ ನಿಧಾನಕ್ಕೆ ಹೇಳಿದರಾಯಿತು. ಮೊದಲೇ ಹೇಳಿ ಎರಡು ಸಂಬಂಧ ಹೋಯಿತಲ್ಲ, ಗೊತ್ತುಂಟಲ್ವಾ ನಿನಗೆ? ಈಗ ಅವ ಮುಟ್ಟುವುದಿಲ್ಲ. ಮೂರು ಕ್ರಿಸ್ಮಸ್ ಕಳೆಯಿತು, ಮುಟ್ಟಲಿಲ್ಲ. ಒಳ್ಳೆಯ ಹುಡುಗ ಅಂತ ಹೇಳು. ಅಷ್ಟೇ ಹೇಳು. ಸುಳ್ಳಾ ಅದು?"

"ಸುಳ್ಳಲ್ಲ."

"ಮತ್ತೆ?"

ಇಮೆಲ್ಡಾಬಾಯಿ ಇನ್ನೊಂದು ಮೊಗ್ಗನ್ನು ನಾರಿಗೆ ಸೇರಿಸಿದರು. ಜೋವಿನ್ ಒಳ್ಳೆಯ ಹುಡುಗನೇ. ಎರಡನೆಯ ಸಲ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮೇಲೆ ಅವನು ಬೇರೆಯೇ ಮನುಷ್ಯ. ಮಣಿಪಾಲದಲ್ಲಿ ಎಸಿ ರಿಪೇರಿಯ ಕೆಲಸ, ಸಂಜೆ ನೇರವಾಗಿ ಮನೆ. ಅಮಲಿನಲ್ಲಿ ಒಮ್ಮೆ ಇಮೆಲ್ಡಾಬಾಯಿಯ ಮಲ್ಲಿಗೆ ಗಿಡಗಳ ಮೇಲೆಯೇ ಬಿದ್ದು ಹಾಳು ಮಾಡಿದ್ದ. ಶಿಬಿರದಿಂದ ಬಂದ ವಾರವೇ ಯಾರೂ ಹೇಳದೆ ಗುದ್ದಲಿ ಹಿಡಿದು ಬಂದು ಹೊಸ ಗಿಡ ನೆಟ್ಟಿದ್ದ. ಇಷ್ಟೆಲ್ಲ ನಿಜ. ಆದರೆ ಆನಿಯ ಹೊಲಿಗೆ ಮೆಶಿನಿನ ಸದ್ದೂ ಅಷ್ಟೇ ನಿಜ.

"ನೋಡುವ," ಎಂದರು.

ಗ್ಲ್ಯಾಡಿಸ್ ಅದನ್ನು ಒಪ್ಪಿಗೆ ಎಂದುಕೊಂಡಳು.

ಆದಿತ್ಯವಾರ ಎರಡನೆಯ ಪೂಜೆ ಮುಗಿಸಿ ಇಮೆಲ್ಡಾಬಾಯಿ ಸೀರೆ ಬದಲಾಯಿಸುವಷ್ಟರಲ್ಲಿ ಅಂಗಳದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕೊಡೆ, ಮೀಸೆಗೆ ಬಣ್ಣ. ಹೆಸರು ವಲೇರಿಯನ್, ಕಾರ್ಕಳದ ಅತ್ತೂರಿನ ಕಡೆಯವನು. ಮಲ್ಲಿಗೆ ಗಿಡ ಬೇಕಿತ್ತು, ಶಂಕರಪುರದ್ದೇ ಆಗಬೇಕಂತೆ.

"ನಿಮ್ಮಲ್ಲಿ ಮಣ್ಣು ಹೇಗೆ?" ಎಂದು ಇಮೆಲ್ಡಾಬಾಯಿ ಕೇಳಿದರು.

"ಮಣ್ಣು ಉಂಟು ಬಾಯಿ, ಬೇಕಾದಷ್ಟು ಉಂಟು."

ಇಮೆಲ್ಡಾಬಾಯಿ ಚಾಕ್ಕೆ ನೀರಿಟ್ಟರು.

ವಲೇರಿಯನ್ ಚಾ ಹೀರುತ್ತ ಹವೆಯ ವಿಷಯ ಮಾತಾಡಿದ, ಹೊಸ ಪಾದ್ರಿಯ ವಿಷಯ ಮಾತಾಡಿದ, ಕಾರ್ಕಳದ ಬಸ್ಸುಗಳು ಈಗ ಎಷ್ಟು ಜೋರಾಗಿ ಓಡುತ್ತವೆಂದು ಹೇಳಿದ. ಆಮೇಲೆ ಲೋಟದೊಳಗೆ ನೋಡುತ್ತ, "ಆಚೆಮನೆಯ ಹುಡುಗ ಮಣಿಪಾಲದಲ್ಲಿ ಅಂತೆ. ಹೇಗೆ ಜನ?" ಎಂದ.

"ಬೇರೆ ಯಾರನ್ನೆಲ್ಲ ಕೇಳಿದಿರಿ?"

ಸಿಕ್ಕಿಬಿದ್ದವನಂತೆ ಅವನು ನಕ್ಕ. "ಬಸ್ಸು ನಿಲ್ಲುವಲ್ಲಿನ ಅಂಗಡಿಯಲ್ಲಿ ಕೇಳಿದೆ. ಮೀನು ತರುವ ಹೆಂಗಸೊಬ್ಬಳು ದಾರಿಯಲ್ಲಿ ಸಿಕ್ಕಿದಳು, ಅವಳನ್ನೂ ಕೇಳಿದೆ. ಎಲ್ಲರೂ ಒಂದೇ ಮಾತು, ಒಳ್ಳೆಯ ಹುಡುಗ ಅಂತ. ನಾನು ಹುಡುಗಿಯ ಸೋದರಮಾವ, ನಿಮ್ಮದೊಂದು ಮಾತು ಸಿಕ್ಕಿದರೆ ನನಗೆ ಸಮಾಧಾನ ಬಾಯಿ. ಗುರ್ಕಾರರ ಮನೆ ಅಲ್ವಾ ಇದು."

ಇಮೆಲ್ಡಾಬಾಯಿ ಬೇಲಿಯಾಚೆ ನೋಡಿದರು. ಗ್ಲ್ಯಾಡಿಸ್‌ಳ ಅಡಿಗೆಮನೆಯ ಕಿಟಕಿಯಲ್ಲಿ ಅವಳ ಬಿಳಿ ತಲೆ ಕಾಣುತ್ತಿತ್ತು. ಒಂದು ಮಾತು, ಅದೂ ನಿಜವಾದ ಮಾತು, ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದರೆ ಇವನು ಎದ್ದು ಹೋಗುತ್ತಾನೆ, ಬರುವ ಮೇ ತಿಂಗಳಲ್ಲಿ ಮದುವೆಯಾಗುತ್ತದೆ, ಗ್ಲ್ಯಾಡಿಸ್ ಆಯುಷ್ಯವಿಡೀ ಮರೆಯುವುದಿಲ್ಲ. ಅವರಿಗೆ ಆ ಗಳಿಗೆಯಲ್ಲಿ ಗಂಡನ ಮೇಲೆ ಸಿಟ್ಟು ಬಂತು. ಗಂಡಸು, ಗುರ್ಕಾರ, ದೊಡ್ಡ ದನಿ. ಅವರು ಕೂಗಿದರೆ ಜನ ಸಹಿಸಿಕೊಳ್ಳುತ್ತಿದ್ದರು. ಬೆಳಗೆದ್ದರೆ ಜೊತೆಯಲ್ಲಿ ಕೂತು ಹೂ ಕಟ್ಟಬೇಕಾದವಳು ಏನು ಮಾಡಬೇಕು?

ಅವರು ಎದ್ದು ಜಗಲಿಯ ಅಂಚಿಗೆ ಬಂದರು.

"ಜೋವಿನ್, ಒಮ್ಮೆ ಬಾ ಬಾಬಾ."

ಕಿಟಕಿಯ ಬಿಳಿ ತಲೆ ಮಾಯವಾಯಿತು. ಜೋವಿನ್ ಬೈಕು ತೊಳೆಯುತ್ತಿದ್ದವನು ಒದ್ದೆ ಕೈಯನ್ನು ಲುಂಗಿಗೆ ಒರಸಿಕೊಳ್ಳುತ್ತ ಬೇಲಿಯ ಸಂದಿನಿಂದ ಬಂದ. ವಲೇರಿಯನ್ ಬೆಂಚಿನಲ್ಲಿ ಅತ್ತಿತ್ತ ಸರಿದ.

"ಇವರು ಜೆನಿಟಾಳ ಸೋದರಮಾವ," ಎಂದರು ಇಮೆಲ್ಡಾಬಾಯಿ. "ನಿನ್ನ ವಿಷಯ ಕೇಳುತ್ತಾರೆ. ನಾನು ಹೇಳಿದರೆ ಚಾಡಿಯಾಗುತ್ತದೆ, ಹೇಳದಿದ್ದರೆ ಸುಳ್ಳಾಗುತ್ತದೆ. ನೀನೇ ಹೇಳು. ನಿಜವೋ ಅಲ್ಲವೋ ಅಂತ ಮಾತ್ರ ನಾನು ಹೇಳುತ್ತೇನೆ."

ಜೋವಿನ್ ತಾಯಿಯ ಕಿಟಕಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವನ ಮುಖ ಕೆಂಪಾಯಿತು, ಆಮೇಲೆ ಕೆಂಪು ಇಳಿಯಿತು.

"ನಾನು ಕುಡಿಯುತ್ತಿದ್ದೆ," ಎಂದ. "ಸ್ವಲ್ಪ ಅಲ್ಲ, ತುಂಬ. ಕೆಲಸ ಹೋಗಿತ್ತು. ಮನೆಯಲ್ಲಿ ಅಮ್ಮನಿಗೆ ಬಹಳ ಕಷ್ಟ ಕೊಟ್ಟಿದ್ದೇನೆ. ಶಿಬಿರಕ್ಕೆ ಒಮ್ಮೆ ಹೋಗಿ ಬಂದು ಪುನಃ ಕುಡಿದೆ. ಎರಡನೆಯ ಸಲ ಹೋದ ಮೇಲೆ ಬಿಟ್ಟೆ."

"ಈಗ?" ಎಂದ ವಲೇರಿಯನ್.

"ಈಗ ಇಲ್ಲ."

"ಮುಂದೆ?"

"ಮುಂದಿನದ್ದು ಹೇಗೆ ಹೇಳುವುದು? ಕುಡಿಯಬಾರದು ಅಂತ ದಿನಾ ಬೆಳಿಗ್ಗೆ ಎದ್ದು ನೆನಪು ಮಾಡಿಕೊಳ್ಳಬೇಕು. ಮದುವೆಯ ಹಿಂದಿನ ದಿನದ ರೋಸಿಗೆ ಹೋದರೆ, ಕುಡಿಯುವವರು ಕೂರುವ ಮೊದಲೇ ಎದ್ದು ಬರುತ್ತೇನೆ."

ವಲೇರಿಯನ್ ಇಮೆಲ್ಡಾಬಾಯಿಯನ್ನು ನೋಡಿದ. "ನಿಜ," ಎಂದರು ಅವರು. "ಎಲ್ಲ ನಿಜ. ಅವ ಹೇಳದ್ದು ಒಂದುಂಟು. ತಾಯಿಗೆ ಕಾಲುನೋವು ಬಂದ ಮೇಲೆ ಬಾವಿಯಿಂದ ನೀರು ಸೇದಿಟ್ಟು ಕೆಲಸಕ್ಕೆ ಹೋಗುವುದು ಇವ. ಅದನ್ನೂ ನಾನು ಕಣ್ಣಾರೆ ನೋಡುತ್ತೇನೆ."

ವಲೇರಿಯನ್ ಚಾ ಮುಗಿಸಿದ. ಒಳ್ಳೆಯದು ಎಂದ, ಬರುತ್ತೇನೆ ಎಂದ, ಕೊಡೆ ಬಿಡಿಸಿಕೊಂಡು ಹೊರಟ. ಮಲ್ಲಿಗೆ ಗಿಡದ ಸುದ್ದಿಯೇ ಎತ್ತಲಿಲ್ಲ.

ಅವನು ರಸ್ತೆ ದಾಟುವುದನ್ನೇ ಕಾದಿದ್ದ ಗ್ಲ್ಯಾಡಿಸ್ ಬೇಲಿಗೆ ಬಂದಳು. ಬೈಯುತ್ತಾಳೆಂದು ಇಮೆಲ್ಡಾಬಾಯಿ ಸಿದ್ಧವಾಗಿ ನಿಂತಿದ್ದರು. ಅವಳು ಬೈಯಲಿಲ್ಲ.

"ನಿನಗೆ ಗಂಡುಮಕ್ಕಳಿಲ್ಲ," ಎಂದಳು. "ಅದಕ್ಕೇ."

ಮರುದಿನ ಅವಳು ಹೂ ಕಟ್ಟಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇಲಿಯ ಸಂದಿಗೆ ಒಂದು ತೆಂಗಿನ ಮಡಲು ಅಡ್ಡ ಬಂದು ಕೂತಿತು. ಬೆಳಿಗ್ಗೆ ಆ ಕಡೆ ಹಿತ್ತಿಲಲ್ಲಿ ಬಕೆಟಿನ ಸದ್ದು, ಈ ಕಡೆ ಇವರು ಒಬ್ಬರೇ. ಒಂಟಿಯಾಗಿ ಕಟ್ಟಿದರೆ ಚೆಂಡು ಸಡಿಲವಾಗುತ್ತದೆಂದು ಇಮೆಲ್ಡಾಬಾಯಿಗೆ ಅಷ್ಟು ವರ್ಷಗಳಲ್ಲಿ ಗೊತ್ತೇ ಇರಲಿಲ್ಲ. ಎದುರಿಗೊಬ್ಬಳು ಕೂತು, "ಎಂತ, ನಾರಿಗೂ ಲೋಭವಾ?" ಎಂದು ಹಂಗಿಸುತ್ತಿದ್ದರೇನೇ ಕೈ ಬಿಗಿಯುವುದು. ಹಿಂದೆ ಹೀಗೆ ಕುಳಿತು ಕಟ್ಟುವಾಗ ಆನಿಯೂ ಇರುತ್ತಿದ್ದಳು, ಮೂವರೂ ಸೇರಿ ಹಳೆಯ ಮದುವೆ ಹಾಡು ಹೇಳುತ್ತಿದ್ದರು. ಬ್ಯಾಪ್ಟಿಸ್ಟರು ಒಳಗಿನಿಂದ, ಯಾರ ಮದುವೆ ಮಾರಾಯ್ತಿಯರೇ ಎಂದು ಕೇಳುತ್ತಿದ್ದರು. ಆಗ ಇಗರ್ಜಿಯ ಬೆಳಗಿನ ಗಂಟೆ ಬಡಿದರೆ ಎಲ್ಲರೂ ಕೈಯ ಕೆಲಸ ಬಿಟ್ಟು ಎದ್ದು ನಿಂತು ಜಪ ಹೇಳುತ್ತಿದ್ದರು, ಹೂವು ಮಡಿಲಿನಿಂದ ಉದುರುತ್ತಿತ್ತು.

ಇಗರ್ಜಿಯಲ್ಲಿ ಗ್ಲ್ಯಾಡಿಸ್ ಬೇರೆ ಬೆಂಚಿಗೆ ಹೋದಳು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳುವ ಹೊತ್ತಿಗೆ ಹಿಂದೆ ತಿರುಗಿದಳು, ಎಡಕ್ಕೆ ತಿರುಗಿದಳು, ಎಲ್ಲರಿಗೂ ಕೈ ಮುಗಿದಳು. ಇಮೆಲ್ಡಾಬಾಯಿ ಇದ್ದ ಕಡೆಗೆ ಮಾತ್ರ ಅವಳ ಕುತ್ತಿಗೆ ತಿರುಗಲಿಲ್ಲ. ಕಾರ್ಕಳದಿಂದ ಫೋನೂ ಬರಲಿಲ್ಲ.

ಜೋವಿನ್ ಒಂದು ಸಂಜೆ ರಸ್ತೆ ಬದಿಯಿಂದಲೇ ಸುತ್ತಿ ಬಂದ.

"ಅಮ್ಮ ಸರಿಯಾಗಿ ಊಟ ಮಾಡುವುದಿಲ್ಲ ಮೌಶಿ."

"ನಿನಗೂ ನನ್ನ ಮೇಲೆ ಸಿಟ್ಟಾ?"

ಅವನು ಜಗಲಿಯ ಮೆಟ್ಟಿಲಲ್ಲಿ ಕುಳಿತ. "ಆ ದಿನ ಇತ್ತು. ಸಂಬಂಧ ಹೋದದ್ದಕ್ಕೆ ಬೇಸರ ಈಗಲೂ ಉಂಟು. ಆದರೆ ಅದನ್ನು ಹೇಳಿಯಾದ ಮೇಲೆ ತಲೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಇಲ್ಲದಿದ್ದರೆ ಮದುವೆಯಾಗಿ ದಿನಾ ಹೆದರಬೇಕಿತ್ತು, ಇವತ್ತು ಯಾರು ಹೇಳುತ್ತಾರೋ ಅಂತ."

ಅದು ಸಮಾಧಾನದ ಮಾತೇ. ಆದರೂ ಅವನು ಹೋದ ಮೇಲೆ ಇಮೆಲ್ಡಾಬಾಯಿ ತೇರ್ಸಿನ ಜಪಕ್ಕೆ ಕುಳಿತು ಮಣಿ ಎಣಿಸುತ್ತಿದ್ದರೆ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಎಂದು ದೇವರನ್ನು ಕೇಳಿದರು. ದೇವರು ಎಂದಿನಂತೆ ಅವಸರ ಮಾಡಲಿಲ್ಲ.

ಶನಿವಾರ ಹನ್ನೆರಡರ ಬಿಸಿಲಿಗೆ ಒಬ್ಬ ಹುಡುಗಿ ಅಂಗಳಕ್ಕೆ ಬಂದಳು. ಹೆಗಲಿಗೆ ಚೀಲ, ಕಾಲಿನಲ್ಲಿ ಧೂಳು. ನೀರು ಕೇಳಲಿಲ್ಲ, ಗಿಡ ಕೇಳಲಿಲ್ಲ.

"ನಾನು ಜೆನಿಟಾ. ಕಾರ್ಕಳದಿಂದ ಬಂದೆ. ಇಮೆಲ್ಡಾಬಾಯಿ ನೀವೇ ಅಲ್ವಾ?"

ಇಮೆಲ್ಡಾಬಾಯಿ ಅವಳನ್ನು ಕೂರಿಸಿದರು. "ಮನೆಯಲ್ಲಿ ಗೊತ್ತುಂಟಾ?"

"ಮಮ್ಮಿಗೆ ಗೊತ್ತುಂಟು. ಮಾಮನಿಗೆ ಇಲ್ಲ. ಮಾಮ ಬೇಡ ಎಂದೇ ಬಿಟ್ಟರು." ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. "ಉಳಿದವರೆಲ್ಲ ಒಳ್ಳೆಯ ಹುಡುಗ ಅಂದರಂತೆ. ನೀವೊಬ್ಬರೇ ಅವರನ್ನು ಕರೆದು ಎದುರಿಗೆ ನಿಲ್ಲಿಸಿದ್ದು. ನಿಮ್ಮನ್ನು ಒಂದು ಕೇಳಬೇಕಿತ್ತು. ನಿಮ್ಮ ಮಗಳಾಗಿದ್ದರೆ ಕೊಡುತ್ತಿದ್ದಿರಾ?"

ಇಂಥ ನೇರ ಪ್ರಶ್ನೆ ಆ ಜಗಲಿಗೆ ಯಾವತ್ತೂ ಬಂದಿರಲಿಲ್ಲ. ಬ್ಯಾಪ್ಟಿಸ್ಟರು ಏನು ಹೇಳುತ್ತಿದ್ದರೆಂದು ಇಮೆಲ್ಡಾಬಾಯಿ ನೆನಪಿನಲ್ಲಿ ಹುಡುಕಿದರು, ಏನೂ ಸಿಗಲಿಲ್ಲ. ಇದನ್ನು ತಾವೇ ಹೇಳಬೇಕಿತ್ತು. ಅವರು ಮೊದಲು ಆನಿಯ ಕತೆ ಹೇಳಿದರು, ಒಂದೂ ಬಿಡದೆ. ಹುಡುಗಿ ಬಾಯಿ ಮುಚ್ಚಿಕೊಂಡು ಕೇಳಿದಳು.

"ಕೊಡುತ್ತಿದ್ದೆನೋ ಇಲ್ಲವೋ, ನಿಜವಾಗಿ ನನಗೆ ಗೊತ್ತಿಲ್ಲ ಮಗಾ," ಎಂದರು ಕೊನೆಗೆ. "ಹೆದರಿಕೆಯಾಗುತ್ತಿತ್ತು. ಕುಡಿಯದವನಿಗೆ ಕೊಡುವಾಗಲೂ ಹೆದರಿಕೆಯೇ. ಅವ ಇನ್ನು ಕುಡಿಯುವುದೇ ಇಲ್ಲ ಅಂತ ನಾನು ಬರೆದು ಕೊಡುವುದಿಲ್ಲ. ಅವನೇ ಕೊಡುವುದಿಲ್ಲ, ನಾನು ಹೇಗೆ ಕೊಡಲಿ? ಒಂದು ಮಾತ್ರ ಕೊಡಬಲ್ಲೆ. ನಾನಿರುವಷ್ಟು ದಿನ, ಅವ ಪುನಃ ಶುರು ಮಾಡಿದರೆ ಈ ಬೇಲಿಯಿಂದ ನನಗೆ ಗೊತ್ತಾಗುತ್ತದೆ. ನಿನ್ನಿಂದ ಮುಚ್ಚಿಡುವುದಿಲ್ಲ. ನೀನು ಹೊರಗಿನವಳು, ನಾವು ಒಳಗಿನವರು ಅಂತ ಮಾಡುವುದಿಲ್ಲ."

ಜೆನಿಟಾ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಆಮೇಲೆ ಎದ್ದು ಸೀದಾ ನಿಂತಳು. "ಒಪ್ಪಿದೆ ಅಂತ ಅಲ್ಲ. ಅವರ ಹತ್ತಿರ ಒಮ್ಮೆ ಮಾತಾಡಬೇಕು. ಶನಿವಾರ ಅರ್ಧ ದಿನವಂತೆ ಅಲ್ವಾ ಕೆಲಸ? ಮನೆ ಯಾವುದು?"

ತೋರಿಸಿದರೆ ಸಾಕಿತ್ತು. ಆದರೆ ಹುಡುಗಿಯನ್ನು ಒಬ್ಬಳನ್ನೇ ಕಳಿಸಿದರೆ ಗ್ಲ್ಯಾಡಿಸ್ ಗಾಬರಿಯಾಗುತ್ತಾಳೆ. ಜೊತೆಗೆ ಹೋದರೆ ಬಾಗಿಲು ಹಾಕಿಕೊಳ್ಳಬಹುದು. ಇಮೆಲ್ಡಾಬಾಯಿ ಚಪ್ಪಲಿ ಮೆಟ್ಟಿದರು. ರಸ್ತೆಗೆ ಇಳಿದು, ಗೇಟು ತೆರೆದು, ನೆಂಟರ ಹಾಗೆ ಎದುರು ಬಾಗಿಲಿಗೇ ಹೋದರು.

ಗ್ಲ್ಯಾಡಿಸ್ ಬಾಗಿಲಿಗೆ ಬಂದು ಮೊದಲು ಇವರನ್ನು ನೋಡಿದಳು, ಆಮೇಲೆ ಹಿಂದಿದ್ದ ಹುಡುಗಿಯನ್ನು. ಫೋಟೊದಲ್ಲಿ ನೋಡಿದ್ದ ಮುಖ. ಅವಳ ಕೈ ತಾನಾಗಿ ಸೆರಗಿಗೆ ಹೋಯಿತು.

"ಜೋವಿನ್ ಹತ್ತಿರ ಮಾತಾಡಬೇಕಂತೆ," ಎಂದರು ಇಮೆಲ್ಡಾಬಾಯಿ. "ನಾನು ಹೋಗುತ್ತೇನೆ."

"ಬಿಸಿಲಿನಲ್ಲಿ ಬಂದ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ಎಲ್ಲಿಗೆ ಹೋಗುತ್ತೀ? ಒಳಗೆ ಬನ್ನಿ, ಇಬ್ಬರೂ."

ಸ್ವಲ್ಪ ಹೊತ್ತಿಗೆ ಬೈಕಿನ ಸದ್ದಾಯಿತು. ಜೋವಿನ್ ಜಗಲಿಯಲ್ಲಿ ಜೆನಿಟಾಳನ್ನು ಕಂಡು ಹೆಲ್ಮೆಟ್ ತೆಗೆಯುವುದನ್ನೇ ಮರೆತು ಕುರ್ಚಿಯಲ್ಲಿ ಕುಳಿತ. ಹೆಂಗಸರಿಬ್ಬರೂ ಅಡಿಗೆಮನೆ ಸೇರಿಕೊಂಡರು. ಹೊರಗಿನ ಮಾತು ಕೇಳುವಷ್ಟು ದೊಡ್ಡದಾಗಿರಲಿಲ್ಲ; ಹುಡುಗಿ ಕೇಳುವುದು, ಅವನು ಹೇಳುವುದು, ಅಷ್ಟು ಮಾತ್ರ ತಿಳಿಯುತ್ತಿತ್ತು.

"ಒಪ್ಪದಿದ್ದರೆ?" ಎಂದಳು ಗ್ಲ್ಯಾಡಿಸ್, ಒಲೆಯ ಕಡೆ ನೋಡುತ್ತ.

"ಒಪ್ಪದಿದ್ದರೆ ಇನ್ನೊಂದು ಮನೆಯವರು ಬರುತ್ತಾರೆ."

"ಅವರಿಗೂ ಇದನ್ನೇ ಹೇಳುತ್ತೀ."

"ಇದನ್ನೇ ಹೇಳುತ್ತೇನೆ. ಅವನನ್ನು ಕರೆದೇ ಹೇಳುತ್ತೇನೆ."

"ಗೊತ್ತುಂಟು ನನಗೆ. ಅದೇ ನನ್ನ ತಲೆನೋವು." ಗ್ಲ್ಯಾಡಿಸ್ ನಗಲಿಲ್ಲ, ಆದರೆ ಮುಖದ ಬಿಗಿ ಸಡಿಲವಾಗಿತ್ತು. ಅವಳು ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದಳು. "ಸುಮ್ಮನೆ ಎಂತ ನಿಂತದ್ದು? ಸಕ್ಕರೆ ಆ ಡಬ್ಬಿಯಲ್ಲಿ ಉಂಟು, ತೆಗೆದುಕೊಡು."